ಮೊದಲು ಆಕೆಯ ಸಹಿ

ನನ್ನ ಮೊಮ್ಮಗಳಿಗೆ ಈಗ ಎರಡು ಹಲ್ಲು. ಎರಡೂ ಕೆಳಗಿನವು. ಆ ಎರಡರಲ್ಲೇ ನನ್ನ ಬಳೆ ಕಚ್ಚುತ್ತಾಳೆ, ಸೆರಗು ಕಚ್ಚುತ್ತಾಳೆ, ನಿನ್ನೆ ಅಂಗಳದಲ್ಲಿ ಕಟ್ಟಿದ್ದ ಕುರಿಮರಿಯ ಕಿವಿಗೂ ಬಾಯಿ ಹಾಕಲು ಹೋದಳು. ಮರಿ ಬ್ಯಾ ಎಂದಿತು, ಇವಳು ಅದಕ್ಕಿಂತ ಜೋರಾಗಿ ಬ್ಯಾ ಎಂದಳು. ನಾನು ನಕ್ಕು ನಕ್ಕು ಗೋಡೆಗೆ ಒರಗಿ ಕೂತುಬಿಟ್ಟೆ. ಓಣಿಯ ಹೆಂಗಸರು "ಈ ಮುದುಕಿಗಿ ಹುಚ್ಚು ಹಿಡದಾದ" ಎನ್ನುತ್ತಾರೆ. ಹಿಡಿದಿದೆ, ಹೌದು. ಯಾರಿಗೇನು ತೊಂದರೆ?

ನಾನು ಕಲಿತದ್ದು ಮೂರನೇ ಇಯತ್ತೆ. ಆಮೇಲೆ ಕುರಿ ಹಿಂದೆ, ಹೊಲದ ಹಿಂದೆ ನಡೆದೆ. ಹಾಗಿದ್ದೂ ಬರೆಯಲು ಕೂತಿರುವುದು ಯಾಕೆಂದರೆ, ಈ ಹುಡುಗಿ ಹುಟ್ಟಿದ ಸುದ್ದಿಯನ್ನು ನಮ್ಮ ಮಂದಿ ಔರಾದಿನಿಂದ ಭಾಲ್ಕಿಯವರೆಗೆ ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅಲ್ಲಿ ಇದ್ದವಳು ನಾನು. ಕಾಗುಣಿತವನ್ನು ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ, ನನ್ನ ತಪ್ಪು ಬರುವ ಜಾಗದಲ್ಲಂತೂ ಕೈ ಹಚ್ಚಲೇಬೇಡ ಎಂದು ಹೇಳಿದ್ದೇನೆ.

ನಮ್ಮದು ಔರಾದ ಕಡೆಯ ಹಳ್ಳಿ, ಮಗಳನ್ನು ಕೊಟ್ಟದ್ದು ಭಾಲ್ಕಿಗೆ. ಅಳಿಯನದು ಅಲ್ಲೇ ಸಣ್ಣ ಬಟ್ಟೆ ಅಂಗಡಿ. ಐದು ವರ್ಷದ ಹಿಂದೆ ಮೊದಲ ಹೆರಿಗೆ, ಭಾಲ್ಕಿಯ ಒಂದು ದವಾಖಾನೆಯಲ್ಲಿ. ಮುಂಜಾನೆ ಶುರುವಾದ ನೋವು, ಮಧ್ಯಾಹ್ನವಾದರೂ ಮುಗಿದಿರಲಿಲ್ಲ. ಡಾಕ್ಟರು ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದ ನಮ್ಮ ಕಡೆ ನೋಡಿದರು.

"ಯಜಮಾನ್ರು ಯಾರ್ ಇದ್ದೀರಿ?"

ಅಳಿಯ ಎದ್ದು ನಿಂತ.

"ಸೀಜರ್ ಮಾಡಬೇಕಾಗ್ತದ. ಇಲ್ಲಿ ಸಹಿ ಮಾಡ್ರಿ."

ಮಾಡಿದ. ಮಾಡುವ ಮುಂಚೆ ಒಮ್ಮೆ ನನ್ನ ಮುಖ ನೋಡಿದ್ದ, ನಾನು ತಲೆಯಾಡಿಸಿದ್ದೆ. ಮಗಳ ಅತ್ತೆ, ಅಂದರೆ ನನ್ನ ಬೀಗತಿ, ಕೈ ಮುಗಿದಿದ್ದಳು. ಹೀಗೆ ಬಾಗಿಲ ಈಚೆ ಕೂತ ಮೂರು ಮಂದಿ, ಬಾಗಿಲ ಆಚೆ ಮಲಗಿದ್ದವಳ ಹೊಟ್ಟೆಯ ವಿಚಾರ ಮುಗಿಸಿಬಿಟ್ಟೆವು. ಒಳಗೆ ಬೆನ್ನಿಗೆ ಸೂಜಿ ಚುಚ್ಚುವಾಗ ಮಗಳು ಕೇಳಿದಳಂತೆ, "ಇದ್ ಯಾಕ್ ರಿ?" ಎಂದು. ನರ್ಸು ಹೇಳಿದಳಂತೆ, "ನಿನ್ನ ಗಂಡ ಸಹಿ ಮಾಡ್ಯಾನ, ಸುಮ್ನ ಮಲ್ಕೋ."

ಗಂಡುಮಗು ಹುಟ್ಟಿತು, ಗುಂಡಗೆ, ಚೆಂದಗೆ. ಈಗ ಸಾಲೆಗೆ ಹೋಗುತ್ತಾನೆ. ಆ ಡಾಕ್ಟರು ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಅವತ್ತು ಕೊಯ್ಯದಿದ್ದರೆ ಮೊಮ್ಮಗ ಉಳಿಯುತ್ತಿದ್ದನೋ ಇಲ್ಲವೋ ನನಗೇನು ಗೊತ್ತು? ಗೊತ್ತಿಲ್ಲ, ಅದೇ ಮಾತು. ಯಾಕೆ ಕೊಯ್ದರೆಂದು ಇವತ್ತಿನವರೆಗೆ ನಮಗೆ ಯಾರೂ ಹೇಳಿಲ್ಲ. ಮಗಳು ಮಾತ್ರ ಅದನ್ನು ಮರೆಯಲಿಲ್ಲ. ಹೊಲಿಗೆ ಒಣಗಿದ ಮೇಲೂ, ಮಗ ನಡೆಯಲು ಕಲಿತ ಮೇಲೂ, ಒಮ್ಮೊಮ್ಮೆ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಹೇಳುತ್ತಿದ್ದಳು, "ಅವ್ವಾ, ಎಲ್ಲಾರಿಗೂ ಗೊತ್ತಿತ್ತು. ನನ್ನ ಒಬ್ಬಾಕಿನ ಬಿಟ್ಟು."

ಅವತ್ತು ತಲೆಯಾಡಿಸಿದವಳು ನಾನೇ.

ಎರಡನೆಯ ಬಸಿರು ನಿಂತಾಗ ಮಗಳು ಒಂದೇ ಮಾತು ಹೇಳಿದಳು. ಈ ಸಲ ಆದರೆ ತಾನಾಗಿ ಹೆರಬೇಕು, ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ತನಗೆ ತಿಳಿಯಬೇಕು. ಏಳು ತಿಂಗಳಾದಾಗ ಅದೇ ಡಾಕ್ಟರ ಬಳಿ ಹೋದೆವು. ಮಗಳು, ಬೀಗತಿ, ನಾನು. ಡಾಕ್ಟರು ಚೀಟಿ ಬರೆಯುತ್ತ, ತಲೆ ಎತ್ತದೆ, ಸೀಜರಿಗೆ ಒಂದು ತಾರೀಖು ಹೇಳಿದರು.

ಮಗಳು ಕೇಳಿದಳು, "ಸರ್, ಈ ಸಲ ನಾರ್ಮಲ್ ಆಗ್ತದೇನು ನೋಡ್ಲಿಕ್ಕಿ ಬರಂಗಿಲ್ರೀ?"

"ಒಮ್ಮಿ ಸೀಜರ್ ಆದ್ರ ಮತ್ತ ಸೀಜರ್‌ನೇ."

"ಯಾಕ್ ರಿ ಸರ್?"

"ಡಾಕ್ಟರ್ ನೀವೋ ನಾನೋ?"

ಆಗ ನನ್ನ ಬೀಗತಿ, ಪುಣ್ಯಾತ್ಗಿತ್ತಿ, ಸೆರಗು ಸರಿ ಮಾಡಿಕೊಂಡು ಮುಂದೆ ಬಾಗಿದಳು.

"ಸಾಹೇಬ್ರ, ನೀವ್ ಹೇಳಿದ ತಾರೀಖು ಮಂಗಳವಾರ ಬರ್ತದ ರಿ. ಸೋಮವಾರ ಮುಂಜಾನಿ ಒಂಬತ್ತರ ಒಳಗ ಮಾಡಿದ್ರ ಘಳಿಗಿ ಚೊಲೋ ಅದ."

ಡಾಕ್ಟರು ತಲೆ ಎತ್ತಿದರು. ನಗುತ್ತ, "ಆಗ್ಲಿ ತಗೋರಿ ಅಮ್ಮಾ, ಸೋಮವಾರನೇ ಮಾಡೋಣು" ಎಂದು ಚೀಟಿಯಲ್ಲಿ ತಾರೀಖು ಹೊಡೆದು ಹಾಕಿ ಬೇರೆ ಬರೆದರು.

ನನ್ನ ಮೈಯೆಲ್ಲ ಉರಿದುಹೋಯಿತು. ನಾವು ಶರಣರನ್ನು ನಂಬಿದ ಮಂದಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ದಿನ ವಾರ ಘಳಿಗೆ ನೋಡುವುದೇ ನಮಗೆ ಸಲ್ಲದು. ಅದು ಒಂದು ಕಡೆ ಇರಲಿ. ಬೀಗತಿಯ ಸೋಮವಾರ ಕೇಳಿಸಿಕೊಳ್ಳಲು ಆ ಡಾಕ್ಟರಿಗೆ ಕಿವಿ ಇದ್ದವು. ಹೊಟ್ಟೆ ಹೊತ್ತವಳ "ಯಾಕೆ" ಕೇಳಿಸಿಕೊಳ್ಳಲು ಇರಲಿಲ್ಲ. ನಾನು ಎದ್ದು ಮಗಳ ಕೈ ಹಿಡಿದೆ.

"ಏಳ ಬಾಳಾ. ಇಲ್ಲಿ ವಾರ ಬದಲಿ ಆಗ್ತದ, ಮಾತಿಗಿ ಜವಾಬು ಸಿಗಂಗಿಲ್ಲ."

ಬೀಗತಿ ರಸ್ತೆಯ ಮೇಲೆ ಬಂದ ಕೂಡಲೇ ಶುರು ಮಾಡಿದಳು. "ನಿಮ್ಮ ಮಗಳಿಗಿ ನೀವೇ ತಲಿ ಕೆಡಿಸ್ತೀರಿ. ಕುರಿ ಈದಂಗ ಅಂತ ತಿಳ್ಕೊಂಡೀರೇನು?"

"ಕುರಿ ಈಯೂಮುಂದ ನಾ ವಾರ ನೋಡಂಗಿಲ್ಲ, ಬೀಗತಿ. ಕುರಿ ಮುಖ ನೋಡ್ತೇನಿ."

ಮರುವಾರ ಬೀದರಿಗೆ ಹೋದೆವು. ಒಬ್ಬ ಡಾಕ್ಟರಮ್ಮ, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಮೊದಲ ಸೀಜರಿನ ಕಾಗದ ಕೇಳಿದಳು, ಓದಿದಳು, ಯಾಕೆ ಕೊಯ್ದರೆಂದು ಇದರಲ್ಲಿಲ್ಲ ಎಂದಳು, ಹೊಟ್ಟೆ ನೋಡಿದಳು. ಮಗಳ ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಕಾದು, ಆಮೇಲೆ ಬಾಯಿ ತೆರೆದಳು. ನನ್ನ ಹೆಗಲ ಮೇಲೆ ಕೌದಿ ಇತ್ತು, ಹಳೆ ಸೀರೆ ಸೇರಿಸಿ ನಾನೇ ಹೊಲಿದದ್ದು, ಬಸ್ಸಿನಲ್ಲಿ ಮಗಳ ಬೆನ್ನಿಗೆ ಕೊಡಲು ತಂದಿದ್ದೆ. ಡಾಕ್ಟರಮ್ಮ ಅದರ ಒಂದು ಹೊಲಿಗೆಯ ಮೇಲೆ ಬೆರಳಿಟ್ಟಳು.

"ಇದನ್ನ ಹಿಂಗ ಜಗ್ಗಿದ್ರ ಏನಾಗ್ತದ, ಅಜ್ಜಿ?"

"ಹೊಲಿಗಿ ಗಟ್ಟಿ ಇದ್ರ ಏನೂ ಆಗಂಗಿಲ್ಲ."

"ಒಳಗಿನ ಹೊಲಿಗಿನೂ ಹಂಗೇ. ಭಾಳ ಮಂದಿದು ತಡಿತದ. ಯಾರದರೆ ಒಬ್ಬರದು ತಡಿಯಂಗಿಲ್ಲ. ಬಿಚ್ಚಿತು ಅಂದ್ರ ತಾಯಿ, ಕೂಸು ಇಬ್ಬರಿಗೂ ಕುತ್ತು. ಯಾರದು ಬಿಚ್ಚತದ ಅಂತ ಮೊದಲೇ ಹೇಳ್ಲಿಕ್ಕಿ ನನಗ ಬರಂಗಿಲ್ಲ." ಆಮೇಲೆ ಮಗಳ ಕಡೆ ತಿರುಗಿದಳು. "ನೋಡೋಣು ಅಂತೀರಿ, ನಾನೂ ನೋಡೋಣು ಅಂತೇನಿ. ಆದ್ರ ನನ್ನ ಮಾತು ಕೇಳಬೇಕು. ದಿನ ತುಂಬಿದ ಮ್ಯಾಲ ಔರಾದದಾಗ ಕೂಡಂಗಿಲ್ಲ, ಬೀದರದಾಗೇ ಇರಬೇಕು. ನೋವು ಶುರು ಆದ ತಕ್ಷಣ ಬರಬೇಕು. ಮನ್ಯಾಗ ಯಾರೂ ಕಷಾಯ, ಔಷಧ ಅಂತ ಕುಡಿಸಬಾರದು."

ಕೊನೆಯ ಮಾತು ಹೇಳುವಾಗ ನನ್ನನ್ನೇ ನೋಡಿದಳು. ನಾನು ಕೌದಿ ಮಡಚಿದೆ.

ಮಗಳು ಕೇಳಿದಳು, "ನಡುವ ಸೀಜರ್ ಮಾಡಬೇಕಾದ್ರ ನನಗ ಕೇಳ್ತೀರೇನು?"

"ಟೈಮ್ ಇದ್ರ ಬಿಡಿಸಿ ಹೇಳ್ತೇನಿ. ಟೈಮ್ ಇರ್ಲಿಲ್ಲಂದ್ರ ಒಂದೇ ಮಾತಿನಾಗ ಹೇಳ್ತೇನಿ. ಆದ್ರ ನಿಮಗೇ ಹೇಳ್ತೇನಿ."

ಹೊರಗೆ ಬಂದಾಗ ಮಗಳ ನಡಿಗೆಯೇ ಬೇರೆ ಇತ್ತು. ಏಳು ತಿಂಗಳ ಬಸುರಿ, ಮೆಟ್ಟಿಲು ಇಳಿಯುವಾಗ ನನ್ನ ಕೈ ಬಿಡಿಸಿಕೊಂಡಳು.

ಬೀದರಿನ ನೌಬಾದದಲ್ಲಿ ನನ್ನ ತಂಗಿಯ ಮನೆ ಇದೆ. ದಿನ ಹತ್ತಿರ ಬಂದಾಗ ಅಲ್ಲೇ ಬಿಡಾರ ಹೂಡಿದೆವು. ಮೊಮ್ಮಗ ಭಾಲ್ಕಿಯಲ್ಲಿ ಬೀಗತಿಯ ಬಳಿ ಉಳಿದ. ಬೀಗತಿಯ ಸೋಮವಾರ ಬಂತು, ಹೋಯಿತು. ಅವತ್ತು ಅವಳೇ ಫೋನ್ ಮಾಡಿ, "ಘಳಿಗಿ ದಾಟಿಸಿದ್ರಿ, ಮುಂದ ಏನಾದ್ರೂ ನನಗ ಹೇಳಬ್ಯಾಡ್ರಿ" ಎಂದಳು. ಡಾಕ್ಟರಮ್ಮ ಹೆರಿಗೆಗೆ ಹೇಳಿದ ತಾರೀಖೂ ದಾಟಿತು. ನೋವಿನ ಸುಳಿವಿಲ್ಲ. ತೋರಿಸಲು ಹೋದಾಗ ಡಾಕ್ಟರಮ್ಮ, "ಇನ್ನ ಮೂರು ದಿನ ನೋಡ್ತೇನಿ. ಆಮ್ಯಾಲ ಕಾಯೋದು ಕೂಸಿಗಿ ಚೊಲೋ ಅಲ್ಲ" ಎಂದಳು. ಮಗಳು "ಆಗ್ಲಿ" ಎಂದಳು. ಅವಳಿಗೆ ಸಮಾಧಾನವಿತ್ತು. ಸಮಾಧಾನ ಇಲ್ಲದವಳು ನಾನು.

ಈಗ ನನ್ನ ತಪ್ಪಿಗೆ ಬಂದೆ.

ಆ ಮೂರು ದಿನದಲ್ಲಿ ನನ್ನ ತಲೆಯೊಳಗೆ ಹೆರಿಗೆ ಹೋಗಿ ಕುಸ್ತಿ ಬಂದು ಕೂತಿತ್ತು. ಒಂದು ಕಡೆ ಬೀಗತಿ, ಭಾಲ್ಕಿಯ ಡಾಕ್ಟರು. ಇನ್ನೊಂದು ಕಡೆ ನಾನು. ಗೆಲ್ಲಬೇಕು, ಅಷ್ಟೇ. ಮಗಳನ್ನು ಮರೆತಿದ್ದೆ ಎನ್ನಲಾರೆ, ಆದರೆ ಅವಳನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನನ್ನ ಅವ್ವ ದಿನ ಮೀರಿದ ಬಸುರಿಯರಿಗೆಲ್ಲ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸುತ್ತಿದ್ದಳು. ನನಗೂ ಕುಡಿಸಿದ್ದಳು, ಸಂಜೆಯೊಳಗೆ ಹೆತ್ತಿದ್ದೆ. ಎರಡನೆಯ ದಿನ ಮುಂಜಾನೆ, ತಂಗಿ ನೀರು ತುಂಬಲು ಹೋದಾಗ, ಬಿಸಿ ಹಾಲಿಗೆ ಶುಂಠಿ, ಬೆಲ್ಲ ಹಾಕಿ ನಾಲ್ಕು ಚಮಚ ಔಡಲೆಣ್ಣೆ ಬೆರೆಸಿ ಮಗಳ ಕೈಗೆ ಕೊಟ್ಟೆ.

"ಏನವ್ವಾ, ಹಾಲು ಎಣ್ಣಿ ಎಣ್ಣಿ ಹತ್ತಲಕತ್ತಾದ?"

"ತುಪ್ಪ ಹಾಕೀನಿ. ಕುಡಿ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನನ್ನ ಮಾತು ನಂಬಿ ಲೋಟ ಖಾಲಿ ಮಾಡಿದಳು.

ಒಂಬತ್ತು ಗಂಟೆಗೆ ಹೊಟ್ಟೆ ಕೆಟ್ಟಿತು. ಹತ್ತಕ್ಕೆ ನೋವು. ನಾನು ಒಳಗೊಳಗೇ ಹಿಗ್ಗಿದೆ. ಆಟೋದಲ್ಲಿ ಕೂತು ದವಾಖಾನೆ ಮುಟ್ಟುವ ಹೊತ್ತಿಗೆ ಹಿಗ್ಗು ಇಳಿದಿತ್ತು. ನಾನು ಆರು ಹೆತ್ತವಳು. ನೋವು ಬರುತ್ತದೆ, ಬಿಡುತ್ತದೆ, ಬಿಟ್ಟಾಗ ಹೆಂಗಸು ಉಸಿರು ತಗೊಳ್ಳುತ್ತಾಳೆ. ಇವಳಿಗೆ ಬಿಡುತ್ತಲೇ ಇರಲಿಲ್ಲ. ಹಳೆಯ ಹೊಲಿಗೆಯ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು.

ಹೊಟ್ಟೆಗೆ ಪಟ್ಟಿ ಬಿಗಿದು ಮಶಿನ್ ಹಚ್ಚಿದರು. ಕೂಸಿನ ಎದೆಬಡಿತ ಕೇಳಿಸಿತು, ಹೊಲಿಗೆ ಯಂತ್ರ ತುಳಿದ ಹಾಗೆ. ನೋವು ಏರಿದಾಗ ಅದು ನಿಧಾನವಾಗುತ್ತಿತ್ತು, ಆಮೇಲೆ ತಡವರಿಸಿ ಮತ್ತೆ ಓಡುತ್ತಿತ್ತು. ಡಾಕ್ಟರಮ್ಮ ಆ ಕಾಗದದ ಪಟ್ಟಿ ನೋಡಿದಳು, ಮಗಳನ್ನು ನೋಡಿದಳು, ನನ್ನ ಮುಂದೆ ಬಂದು ನಿಂತಳು.

"ಅಜ್ಜಿ, ಏನ್ ಕುಡಿಸಿರಿ?"

ಹೇಳಿದರೆ ಇವರೆಲ್ಲ ಏನೆಂದಾರು, ಹಳ್ಳಿ ಮುದುಕಿ ಅಂದಾರು. ಬೀಗತಿಗೆ ಗೊತ್ತಾದರೆ ಭಾಲ್ಕಿಯ ತುಂಬ ಡಂಗುರ. ಇದೆಲ್ಲ ತಲೆಯಲ್ಲಿ ಓಡಿತು. ಮಶಿನ್ ಮತ್ತೆ ನಿಧಾನವಾಯಿತು. ತಕ್, ತಕ್.

"ಔಡ್ಲೆಣ್ಣಿ ರಿ. ನಾಕ್ ಚಮಚ. ಮುಂಜಾನಿ ಆರಕ್ಕ. ಆಕಿಗಿ ಗೊತ್ತಿಲ್ಲ ರಿ, ನಾ ತುಪ್ಪ ಅಂತ ಹೇಳಿದ್ದೆ."

ಮಗಳು ದಿಂಬಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈದದ್ದು ಡಾಕ್ಟರಮ್ಮ. "ಎಣ್ಣಿಯಿಂದೇ ಹಿಂಗಾಯ್ತು ಅಂತ ನಾ ಹೇಳಂಗಿಲ್ಲ. ಆದ್ರ ಒಳಗ ಏನ್ ಹೋಗ್ಯಾದ ಅಂತ ಗೊತ್ತಿಲ್ದ ನಾ ಹ್ಯಾಂಗ ವಿಚಾರ ಮಾಡ್ಲಿ? ನಾ ಮುಚ್ಚಿಟ್ರ ಜಗಳಕ್ಕ ಬರ್ತೀರಿ. ನೀವು ಮುಚ್ಚಿಟ್ರ?"

ಐದು ವರ್ಷದಿಂದ ಭಾಲ್ಕಿಯ ಡಾಕ್ಟರನ್ನು ಬೈದುಕೊಂಡು ಬಂದಿದ್ದೆ, ಕೇಳದೆ ಮಾಡಿದ ಎಂದು. ಅವನಾದರೂ ಒಂದು ಕಾಗದದ ಮೇಲೆ ಯಾರದೋ ಸಹಿ ಹಾಕಿಸಿದ್ದ. ನಾನು ಅದೂ ಇಲ್ಲದೆ ಮಾಡಿದ್ದೆ.

ಡಾಕ್ಟರಮ್ಮ ಮಗಳ ತಲೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಕೂತು ಹೇಳಿದಳು, ನಿಂತಲ್ಲ. "ಟೈಮ್ ಕಡಿಮಿ ಅದ, ಆದ್ರ ಅದ. ಕೂಸಿನ ಬಡಿತ ಇಳಿದು ಇಳಿದು ಏರ್ಲಕತ್ತಾದ. ನಿಮಗ ಹೊಲಿಗಿ ಜಾಗಾದಾಗ ನೋವು ನಿಲ್ಲಲಕತ್ತಿಲ್ಲ. ನೋವು ಇಳಿಸೋ ಸೂಜಿ ಕೊಟ್ಟು ಇನ್ನೊಂದೀಟು ನೋಡ್ಲಿಕ್ಕಿ ಬರ್ತದ, ಥಿಯೇಟರ್ ತಯಾರ್ ಇಟ್ಕೊಂಡು. ಇಲ್ಲಾಂದ್ರ ಈಗೇ ಸೀಜರ್. ನನಗ ಕೇಳಿದ್ರ ಈಗೇ ಮಾಡೋದು ಚೊಲೋ. ಹೊಲಿಗಿ ಮ್ಯಾಲ ನನಗ ಭರವಸಿ ಉಳಿದಿಲ್ಲ. ನೀವ್ ಹೇಳ್ರಿ."

ನಾನು ನಡುವೆ ಬಾಯಿ ಹಾಕಿದೆ. ಇಷ್ಟಾದ ಮೇಲೂ ಹಾಕಿದೆ, ನೋಡಿ. "ಒಂದೀಟು ತಡೀರಿ ಡಾಕ್ಟರಮ್ಮ, ಬರ್ತದ ರಿ, ನಾ ನೋಡೀನಿ, ಇನ್ನೊಂದು ತಾಸು..."

"ಅವ್ವಾ." ಮಗಳ ದನಿ ಸಣ್ಣಗಿತ್ತು. "ನೀ ಹೊರಗ ನಡಿ."

ನಾನು ಬಾಗಿಲ ತನಕ ಹೋಗಿ ಅಲ್ಲೇ ನಿಂತೆ. ಕಾಲು ಹೊರಗೆ ಇಡಲಾಗಲಿಲ್ಲ. ಹಾಗಾಗಿ ಮುಂದಿನದನ್ನೂ ಕಣ್ಣಾರೆ ಕಂಡೆ. ಮಗಳು ಎರಡು ಉಸಿರು ತಗೊಂಡಳು. "ಕೂಸಿಗಿ ಕುತ್ತು ಅದ ಅಂದ್ರ ನನ್ನ ಜಿದ್ದು ಇಲ್ಲೇ ಮುಗೀತು ಮೇಡಂ. ಮಾಡ್ರಿ. ಪೆನ್ ಕೊಡ್ರಿ."

ಅಷ್ಟೊತ್ತಿಗೆ ತಂಗಿಯ ಫೋನ್ ಕೇಳಿದ ಅಳಿಯ ಭಾಲ್ಕಿಯಿಂದ ಮೋಟರ್‌ಸೈಕಲ್ ಓಡಿಸಿಕೊಂಡು ಬಂದು, ಧೂಳು ಮೆತ್ತಿದ ಮುಖದಲ್ಲಿ ನನ್ನ ಪಕ್ಕ ನಿಂತಿದ್ದ. ಕಾಗದ ಹಿಡಿದು ಬಂದ ನರ್ಸು ರೂಢಿಯಂತೆ ಮೊದಲು ಅವನ ಕಡೆ ಚಾಚಿದಳು.

"ನನಗ್ಯಾಕ್ ಕೊಡ್ತೀರಿ?" ಎಂದ ಅವನು. "ಮೊದಲ ಆಕಿದು. ಸಾಕ್ಷಿ ಬೇಕಾದ್ರ ಆಮ್ಯಾಲ ನಾ ಹಾಕ್ತೇನಿ."

ನಾನು ಅವನನ್ನು ಅಲ್ಲಿಯವರೆಗೆ ಅಂಗಡಿ ಬಿಟ್ಟರೆ ಲೋಕ ಗೊತ್ತಿಲ್ಲದವ ಎಂದುಕೊಂಡಿದ್ದೆ. ಅವತ್ತು ಗೊತ್ತಾಯಿತು, ಐದು ವರ್ಷ ಆ ಮಾತು ಅವನನ್ನೂ ತಿಂದಿದೆ. ಮಗಳು ನೋವಿನಲ್ಲಿ ಬರೆದ ಸಹಿ ಸೊಟ್ಟಗೆ, ಕಾಗದದ ಅಂಚಿನ ತನಕ ಹರಿದಿತ್ತು. ಅಂಥ ಚಂದದ ಅಕ್ಷರವನ್ನು ನಾನು ಎಲ್ಲೂ ಕಂಡಿಲ್ಲ.

ಅರ್ಧ ತಾಸಿನಲ್ಲಿ ಕೂಗು ಕೇಳಿಸಿತು. ಹೆಣ್ಣು! ಮೂಗು ನನ್ನದು, ಸಿಟ್ಟೂ ನನ್ನದು. ನಾನು ದವಾಖಾನೆಯ ಪಡಸಾಲೆಯಲ್ಲಿ ಕೈ ಎತ್ತಿ ಒಂದು ಸುತ್ತು ಕುಣಿದೇಬಿಟ್ಟೆ. ಜನವಾಡದಿಂದ ಬಂದಿದ್ದ ಯಾರೋ ಹಿರಿಯರು, "ಯವ್ವಾ, ಕಾಲು ಜಾರೀತು" ಎಂದರು. ಜಾರಲಿ! ಡಾಕ್ಟರಮ್ಮ ಹೊರಗೆ ಬಂದು, ಒಳಗಿನ ಹಳೆಯ ಹೊಲಿಗೆ ಒಂದು ಕಡೆ ತೆಳ್ಳಗಾಗಿತ್ತು ಎಂದು ಹೇಳಿದಳು. ನಾನು ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಅವಳು, "ಅಜ್ಜಿ, ಇನ್ನ ಕೂಸಿಗಿ ಏನೂ ಕುಡಿಸಬ್ಯಾಡ್ರಿ" ಎಂದಳು.

ಮಗಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಗಂಜಿ ಕೊಡಲು ಹೋದೆ. ಲೋಟದೊಳಗೆ ಇಣುಕಿ ನೋಡಿ, ಮೂಸಿ, ನನ್ನ ಮುಖ ನೋಡಿದಳು.

"ಗಂಜಿ, ಉಪ್ಪು," ಎಂದೆ. "ಜ್ವಾಳದ್ದು. ಮತ್ತೇನೂ ಇಲ್ಲ. ತಪ್ಪಾಯ್ತು ಬಾಳಾ."

ಕುಡಿದಳು. ಅಷ್ಟೇ ಸಾಕಾಗಿತ್ತು ನನಗೆ.

ಬಾಣಂತನ ನಮ್ಮ ಊರಿನಲ್ಲೇ ಆಯಿತು. ಬಜೆ ತೇಯಲೇನು, ಸಾಂಬ್ರಾಣಿ ಹೊಗೆ ಕೊಡಲೇನು, ಕೂಸಿನ ಮೂಗಿಗೆ ಎಣ್ಣೆ ಹನಿ ಹಾಕಲೇನು ಎಂದು ನಾನು ಪ್ರತಿಯೊಂದಕ್ಕೂ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದೆ. ಮೂಗಿಗೆ ಎಣ್ಣೆ ಬೇಡ ಎಂದಳು. ಬಜೆ ಡಾಕ್ಟರಮ್ಮನನ್ನು ಕೇಳಿ ಹೇಳುತ್ತೇನೆ ಎಂದಳು, ಕೇಳಿ ಬೇಡ ಎಂದಳು. ಆರು ಮಕ್ಕಳನ್ನು ಬಜೆ ನೆಕ್ಕಿಸಿ ಬೆಳೆಸಿದವಳಿಗೆ ಸುಲಭವೇ? ನಾಲಿಗೆ ಕಚ್ಚಿಕೊಂಡು ತೇಯುವ ಕಲ್ಲು ಎತ್ತಿಟ್ಟೆ.

ಒಂದೂವರೆ ತಿಂಗಳಿಗೆ ಕೂಸಿಗೆ ಸೂಜಿ ಹಾಕಿಸಲು ಔರಾದಿಗೆ ಹೋದೆವು. ಸರ್ಕಾರಿ ದವಾಖಾನೆಯ ಸಾಲಿನಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳು, ಬೀಗತಿಯ ದೂರದ ಸಂಬಂಧ, ನನ್ನನ್ನು ನೋಡಿ ಸೆರಗಿನಲ್ಲಿ ನಕ್ಕಳು.

"ಏನ್ ಕಾಕಿ, ಬೀದರ್ ತನಕ ಹೋಗಿ ಹೈರಾಣ ಆದ್ರಿ. ಕಡೀಕೂ ಕೊಯ್ದರಂತಲ್ಲ?"

ಇಡೀ ಸಾಲು ತಿರುಗಿ ನೋಡಿತು. ಇದನ್ನೇ ಕಾದಿದ್ದೆ ನಾನು.

"ಹೌದು, ಕೊಯ್ದರು. ಆಕಿಗಿ ಹೇಳಿ ಕೊಯ್ದರು. ಯಾಕ ಅಂತ ಹೇಳಿದರು, ಆಕಿ ಆಗ್ಲಿ ಅಂದ ಮ್ಯಾಲ ಚಾಕು ಹಿಡದರು. ಮೊದಲ ಸಲ ನಿಮ್ಮ ಭಾಲ್ಕ್ಯಾಗ ಕೊಯ್ದಾಗ ಆಕಿಗಿ ಸುದ್ದೀನೇ ಇರ್ಲಿಲ್ಲ. ನಿನಗ ಎರಡೂ ಒಂದೇ ಅನಸ್ತದೇನು? ನಿನ್ನ ಸೊಸಿ ಬಸುರಿ ಅದಾಳಲ್ಲ, ಹೋಗಿ ಆಕಿನ್ನ ಕೇಳು."

ಸೊಸೆ ಅಲ್ಲೇ ಪಕ್ಕದಲ್ಲಿ ನಿಂತಿದ್ದಳು, ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಅತ್ತೆಯ ಮುಖ ನೋಡಲಿಲ್ಲ. ನನ್ನ ಮಗಳ ಹತ್ತಿರ ಒಂದು ಹೆಜ್ಜೆ ಸರಿದು, ಮೆಲ್ಲಗೆ ಕೇಳಿದಳು, "ಅಕ್ಕಾ, ಹಂಗ ಕೇಳಿದ್ರ ಬೈಯಂಗಿಲ್ಲೇನ್ರಿ?"

"ಬೈತಾರ," ಎಂದಳು ಮಗಳು. "ಮತ್ತೊಮ್ಮಿ ಕೇಳು."

ನಮ್ಮ ಪಾಳಿ ಬಂತು. ಸಿಸ್ಟರ್ ಸೂಜಿ ತುಂಬುತ್ತಿದ್ದಾಗ ಮಗಳು ಇದು ಯಾವುದಕ್ಕೆ, ಜ್ವರ ಬಂದರೆ ಏನು ಮಾಡಬೇಕು ಎಂದು ಕೇಳಿದಳು. ಆ ಸಿಸ್ಟರ್ ಒಂದೊಂದಾಗಿ ಹೇಳಿದಳು, ಅವಸರವಿದ್ದರೂ ಹೇಳಿದಳು. ಆ ಬಸುರಿ ಹುಡುಗಿ ಹಿಂದಿನಿಂದ ಕತ್ತು ಚಾಚಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಸೂಜಿ ತೊಡೆಗೆ ಇಳಿಯಿತು. ನನ್ನ ಮೊಮ್ಮಗಳು ಒಂದು ಕ್ಷಣ ದಂಗಾದಳು, ಮುಖ ಕೆಂಪಗಾಯಿತು, ಆಮೇಲೆ ತೆರೆದ ಬಾಯಿಗೆ ಇಡೀ ದವಾಖಾನೆ ನಡುಗಿತು. ತನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂಬ ಸಿಟ್ಟು ಅದು.

"ಅಳು ನನ್ನ ಬಂಗಾರ," ಎಂದೆ, ಎದೆಗೆ ಒತ್ತಿಕೊಂಡು. "ಇನ್ನೂ ಜೋರಾಗಿ ಅಳು."